ತೂಕದ ತಕ್ಕಡಿಗೆ ಸಿಗದ ಅಮಲು

ಗಾಂಜಾ ಎಂದೊಡನೆ ನಮ್ಮ ಹಿರಿಯರ ಕಣ್ಣೆದುರು ಬರುವ ಚಿತ್ರವೊಂದಿದೆ. ಘಟ್ಟದ ಮೇಲಿನ ಹೊಲಗಳಲ್ಲಿ ಇತರ ಬೆಳೆಗಳ ಮರೆಯಲ್ಲಿ ಕದ್ದು ಬೆಳೆದ ಗಿಡ. ಬೀಜ, ಕಡ್ಡಿಗಳ ಸಮೇತ ಕಾಗದದ ಪೊಟ್ಟಣದಲ್ಲಿ ಕೈಯಿಂದ ಕೈಗೆ ದಾಟುವ ಸೊಪ್ಪು. ರೈಲು ನಿಲ್ದಾಣದ ಹಿಂಬದಿಯಲ್ಲೋ ಬಂದರಿನ ಮೂಲೆಯಲ್ಲೋ ಅದನ್ನು ಸೇದಿ ಮಲಗುವ ದಿಕ್ಕಿಲ್ಲದ ಮನುಷ್ಯ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಮರ್ಯಾದಸ್ಥ ಮನೆಗಳು ಈ ಚಿತ್ರವನ್ನು ಮುಂದಿಟ್ಟುಕೊಂಡೇ, ಇದು ನಮ್ಮ ಮಕ್ಕಳ ಬಳಿ ಸುಳಿಯುವ ಪಿಡುಗಲ್ಲ ಎಂದು ಸಮಾಧಾನ ಪಟ್ಟುಕೊಂಡಿವೆ. ಕಳೆದ ಕೆಲವು ವರ್ಷಗಳ ಬೆಳವಣಿಗೆಗಳನ್ನು ಅವಲೋಕಿಸುವ ಯಾರಿಗೂ ಈ ಸಮಾಧಾನ ಎಷ್ಟು ಟೊಳ್ಳಾದುದು ಎಂಬುದು ಮನವರಿಕೆಯಾಗದಿರದು.

2021ರಲ್ಲಿ ಬಿಡದಿ ಸಮೀಪದ ವಿಲ್ಲಾವೊಂದರೊಳಗೆ ಗಾಂಜಾ ಬೆಳೆಯುತ್ತಿದ್ದ ಆರೋಪದ ಮೇಲೆ ವಿದೇಶಿ ಪ್ರಜೆಯೊಬ್ಬನನ್ನು ಬೆಂಗಳೂರು ಪೊಲೀಸರು ಬಂಧಿಸಿದರು. 2023ರ ಜೂನ್‌ನಲ್ಲಿ ಶಿವಮೊಗ್ಗದಲ್ಲಿ, ಬಾಡಿಗೆ ಮನೆಯ ಕೋಣೆಯೊಳಗೆ ಕೃತಕ ಬೆಳಕು, ಫ್ಯಾನುಗಳ ನೆರವಿನಿಂದ ಗಾಂಜಾ ಬೆಳೆದ ಆರೋಪದಲ್ಲಿ ಸಿಕ್ಕಿಬಿದ್ದವರು ವೈದ್ಯಕೀಯ ವಿದ್ಯಾರ್ಥಿಗಳು. ಬಾಳೆಬರೆ ಘಾಟಿ ಹತ್ತಿದರೆ ನಮಗೆ ಎದುರಾಗುವುದು ಅದೇ ಶಿವಮೊಗ್ಗ ಜಿಲ್ಲೆ. ಅದೇ ವರ್ಷದ ಜನವರಿಯಲ್ಲಿ ಮಂಗಳೂರಿನ ಗಾಂಜಾ ಪ್ರಕರಣದಲ್ಲಿಯೂ ವೈದ್ಯರು ಮತ್ತು ವೈದ್ಯಕೀಯ ವಿದ್ಯಾರ್ಥಿಗಳ ಬಂಧನವಾಗಿತ್ತು. ಥಾಯ್ಲೆಂಡ್ 2022ರ ಜೂನ್‌ನಲ್ಲಿ ಗಾಂಜಾವನ್ನು ತನ್ನ ಮಾದಕ ವಸ್ತುಗಳ ಪಟ್ಟಿಯಿಂದ ಕೈಬಿಟ್ಟ ಬಳಿಕ ಬ್ಯಾಂಕಾಕ್‌ನಿಂದ ಬರುವ ಪ್ರಯಾಣಿಕರ ಪೆಟ್ಟಿಗೆಗಳಲ್ಲಿ 'ಹೈಡ್ರೋಪೋನಿಕ್ ಗಾಂಜಾ' ಪತ್ತೆಯಾಗುವುದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸಾಮಾನ್ಯ ಸುದ್ದಿಯಾಗಿಬಿಟ್ಟಿತು. 2025ರ ಜೂನ್‌ನಲ್ಲಿ ಆ ದೇಶವೇ ತನ್ನ ನಿರ್ಧಾರದಿಂದ ಹಿಂದೆ ಸರಿದು, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿರ್ಬಂಧ ಹೇರಬೇಕಾಯಿತು. ಕಾಡಿನಲ್ಲಿದ್ದ ಗಿಡ ಕೋಣೆಯೊಳಕ್ಕೆ ಬಂದಿದೆ. ಅದನ್ನು ಬೆಳೆಯುವವನೂ ಸೇದುವವನೂ ಓದು ಬಲ್ಲವನಾಗಿದ್ದಾನೆ.

ಹೈಡ್ರೋಪೋನಿಕ್ ಎಂದರೆ ಮಣ್ಣಿಲ್ಲದ ಕೃಷಿ. ಗೊಬ್ಬರದ ಸತ್ವ ಬೆರೆತ ನೀರಿನಲ್ಲಿ ಬೇರನ್ನು ಇಳಿಬಿಟ್ಟು, ಬೆಳಕನ್ನು ದೀಪದಿಂದ ಒದಗಿಸಿ, ಮಳೆ-ಬಿಸಿಲುಗಳ ಹಂಗಿಲ್ಲದೆ ವರ್ಷವಿಡೀ ಬೆಳೆ ತೆಗೆಯುವ ವಿಧಾನವದು. ವಿಧಾನದಲ್ಲಿ ದೋಷವಿಲ್ಲ, ಜಗತ್ತಿನ ಅನೇಕ ಕಡೆಗಳಲ್ಲಿ ಸೊಪ್ಪು-ತರಕಾರಿಗಳನ್ನು ಹೀಗೆಯೇ ಬೆಳೆಯುತ್ತಾರೆ. ಗಾಂಜಾ ದಂಧೆಯವರ ಕೈಗೆ ಅದು ಸಿಕ್ಕಾಗ ಏನಾಗುತ್ತದೆ ಎಂಬುದನ್ನು ವಿಧಿವಿಜ್ಞಾನಿಗಳು, ಅಂದರೆ ಅಪರಾಧ ತನಿಖೆಗೆ ನೆರವಾಗುವ ವಿಜ್ಞಾನಿಗಳು, ಅಳೆದು ನೋಡಿದ್ದಾರೆ. ಆ ಅಳತೆಗಳು ನಮ್ಮ ಪೋಷಕರಿಗೂ ನಮ್ಮ ಕಾನೂನು ರಚಿಸುವವರಿಗೂ ಪಾಠವಾಗಬಲ್ಲವು.

ನೆದರ್‌ಲೆಂಡ್ಸ್‌ನ ವಿಜ್ಞಾನಿಗಳು ಪೊಲೀಸರು ವಶಪಡಿಸಿಕೊಂಡ ಗಿಡಗಳನ್ನೇ ಪರೀಕ್ಷಿಸಿ 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿನ ಮಧ್ಯಮ ಗಾತ್ರದ ಕಳ್ಳ ಕೋಣೆಯೊಂದರಲ್ಲಿ 259 ಗಿಡಗಳಿರುತ್ತವೆ, ಚದರ ಮೀಟರಿಗೆ 15 ಗಿಡಗಳಂತೆ ಒತ್ತಾಗಿ ಬೆಳೆಸಲಾಗುತ್ತದೆ, ಗಿಡವೊಂದರಿಂದ ಸಿಗುವ ಒಣ ಹೂಗೊನೆ 33.7 ಗ್ರಾಂ ಎಂಬುದು ಅವರ ಲೆಕ್ಕ. ನ್ಯೂಜಿಲೆಂಡ್‌ನ ವಿಧಿವಿಜ್ಞಾನಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕಳ್ಳ ಬೆಳೆಗಾರರು ಅನುಸರಿಸುವ ವಿಧಾನದಲ್ಲಿಯೇ ಸ್ವತಃ ಗಿಡ ಬೆಳೆಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ವರ್ಷದಲ್ಲಿ ಮೂರು ಬೆಳೆ, ಪ್ರತಿ ಬೆಳೆಗೆ ಕೇವಲ ಆರು ಗಿಡ. ಸರಾಸರಿ ಇಳುವರಿ ಗಿಡವೊಂದಕ್ಕೆ 687 ಗ್ರಾಂ. ಅತ್ಯುತ್ತಮ ಬೆಳೆಯಲ್ಲಿ ಅದು 881 ಗ್ರಾಂ. ಅವರು ಅನನುಭವಿಗಳಾಗಿದ್ದರು, ಮೂರೂ ಬೆಳೆಗಳಲ್ಲಿ ತೊಡಕುಗಳು ಎದುರಾಗಿದ್ದವು. ಆದ್ದರಿಂದ ಈ ಅಂಕಿಗಳನ್ನು ಕನಿಷ್ಠವೆಂದೇ ಪರಿಗಣಿಸಬೇಕೆಂದು ಅವರೇ ಹೇಳಿಕೊಂಡಿದ್ದಾರೆ.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. 259 ಗಿಡಗಳ ಡಚ್ ಕೋಣೆಯಿಂದ ಒಂದು ಕೊಯ್ಲಿಗೆ ಸುಮಾರು ಎಂಟೂಮುಕ್ಕಾಲು ಕಿಲೋ. ಆರಾರು ಗಿಡಗಳ ನ್ಯೂಜಿಲೆಂಡ್ ಕೋಣೆಯಿಂದ ವರ್ಷವೊಂದಕ್ಕೆ 12 ಕಿಲೋಗೂ ಅಧಿಕ. ಗಿಡವೊಂದರ ಇಳುವರಿಯಲ್ಲಿ ಇಪ್ಪತ್ತು ಪಟ್ಟು ವ್ಯತ್ಯಾಸ! ಇದರಲ್ಲಿ ಜಾದೂ ಏನೂ ಇಲ್ಲ. ಬ್ರಹ್ಮಾವರದ ಸುತ್ತಲಿನ ಯಾವ ರೈತನಾದರೂ ಇದನ್ನು ವಿವರಿಸಬಲ್ಲ. ಒತ್ತಾಗಿ ನಾಟಿ ಮಾಡಿದ ಗದ್ದೆಯಲ್ಲಿ ಒಂದೊಂದು ಬುಡಕ್ಕೆ ತೆಂಡೆ ಕಡಿಮೆ, ಅಂತರ ಕೊಟ್ಟು ನೆಟ್ಟಲ್ಲಿ ಹೆಚ್ಚು. ಅದಕ್ಕಾಗಿಯೇ ಭತ್ತದ ಇಳುವರಿಯನ್ನು ಎಕರೆಗೆ ಇಷ್ಟು ಕ್ವಿಂಟಾಲ್ ಎಂದು ಹೇಳುವುದೇ ಹೊರತು ಬುಡಕ್ಕೆ ಇಷ್ಟು ಎಂದು ಯಾರೂ ಹೇಳುವುದಿಲ್ಲ. ನ್ಯೂಜಿಲೆಂಡ್‌ನವರು ಕೆಲವೇ ಗಿಡಗಳನ್ನು ಬಲೆಯಡಿ ಅಗಲವಾಗಿ ಹರಡಿ ಬೆಳೆಸಿದ್ದರು, ಡಚ್ಚರದು ಒತ್ತು ಬೆಳೆ. ಹೀಗಿರುವಾಗ ಇಷ್ಟು ಗಿಡ ಸಿಕ್ಕಿದೆ, ಆದ್ದರಿಂದ ಇಷ್ಟು ಲಕ್ಷದ ಮಾಲು ಎಂದು ಗುಣಾಕಾರ ಮಾಡಿ ಹೇಳಿಕೆ ನೀಡುವುದು ವಿಜ್ಞಾನದ ಮಾತಲ್ಲ. ಬೆಳೆದ ಜಾಗ, ಬೆಳಕಿನ ಪ್ರಮಾಣ, ಗಿಡದ ಹಂತ ಇವೆಲ್ಲವನ್ನೂ ದಾಖಲಿಸದ ಪಂಚನಾಮೆಯಿಂದ ಸತ್ಯ ಹೊರಬರದು.

ಇಳುವರಿಗಿಂತಲೂ ಗಂಭೀರವಾದುದು ಅಮಲಿನ ಪ್ರಮಾಣ. ಗಾಂಜಾದಲ್ಲಿ ಮತ್ತು ಬರಿಸುವ ಮುಖ್ಯ ರಾಸಾಯನಿಕದ ಹೆಸರು ಟಿಎಚ್‌ಸಿ. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದ ಮಾದರಿಗಳನ್ನು ಮಿಸ್ಸಿಸ್ಸಿಪ್ಪಿ ವಿಶ್ವವಿದ್ಯಾನಿಲಯ ದಶಕಗಳಿಂದ ಪರೀಕ್ಷಿಸುತ್ತಾ ಬಂದಿದೆ. 1995ರಲ್ಲಿ ಸರಾಸರಿ ಶೇ. 4ರಷ್ಟಿದ್ದ ಟಿಎಚ್‌ಸಿ 2014ರ ಹೊತ್ತಿಗೆ ಶೇ. 12ಕ್ಕೆ ಏರಿತ್ತು. ನ್ಯೂಜಿಲೆಂಡ್ ಪ್ರಯೋಗದಲ್ಲಿ ಅದು ಶೇ. 4.3ರಿಂದ ಶೇ. 25.2ರವರೆಗೆ ಇತ್ತು. ಗಮನಿಸಿ: ಒಂದೇ ಪ್ರಯೋಗ, ಒಂದೇ ವಿಧಾನ, ಆದರೂ ಅಮಲಿನಲ್ಲಿ ಸುಮಾರು ಆರು ಪಟ್ಟು ಅಂತರ. ಅಂದರೆ 'ಹೈಡ್ರೋ' ಎಂಬ ಹೆಸರು ಮಾತ್ರದಿಂದ ಮಾಲಿನ ತೀವ್ರತೆ ತಿಳಿಯದು. ತಳಿ ಯಾವುದು, ಹೂವು ಎಷ್ಟು ಬಲಿತಿದೆ, ಎಲೆ-ಕಡ್ಡಿಗಳನ್ನು ಬೇರ್ಪಡಿಸಲಾಗಿದೆಯೇ ಎಂಬುದರ ಮೇಲೆ ಅದು ನಿಂತಿದೆ. ಮಾರುವವನಿಗೂ ಅದು ಗೊತ್ತಿಲ್ಲ. ಕೊಳ್ಳುವ ಹುಡುಗನಿಗಂತೂ ಖಂಡಿತ ಗೊತ್ತಿಲ್ಲ. ನಿನ್ನೆ ಸೇದಿದ ಪ್ರಮಾಣವನ್ನೇ ಇಂದೂ ಸೇದುತ್ತಿದ್ದೇನೆ ಎಂದು ಅವನು ಭಾವಿಸುತ್ತಾನೆ, ಆದರೆ ದೇಹದೊಳಕ್ಕೆ ಹೋದುದು ಐದು ಪಟ್ಟು ಇದ್ದಿರಬಹುದು.

ಇದರ ಪರಿಣಾಮವೇನು? ಯುರೋಪ್ ಮತ್ತು ಬ್ರೆಝಿಲ್‌ನ 11 ಕಡೆಗಳಲ್ಲಿ ನಡೆಸಲಾದ, 2019ರಲ್ಲಿ ಪ್ರಸಿದ್ಧ ವೈದ್ಯಕೀಯ ನಿಯತಕಾಲಿಕ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಪ್ರಕಟವಾದ ಅಧ್ಯಯನವು, ಶೇ. 10ಕ್ಕಿಂತ ಅಧಿಕ ಟಿಎಚ್‌ಸಿ ಇರುವ ಗಾಂಜಾವನ್ನು ನಿತ್ಯ ಸೇವಿಸುವವರಲ್ಲಿ ತೀವ್ರ ಮಾನಸಿಕ ಕಾಯಿಲೆ ತಲೆದೋರುವ ಸಂಭವವು ಎಂದೂ ಸೇವಿಸದವರಿಗೆ ಹೋಲಿಸಿದರೆ ಸುಮಾರು ಐದು ಪಟ್ಟು ಎಂದು ಕಂಡುಕೊಂಡಿತು. ಇಲ್ಲದ ಧ್ವನಿಗಳು ಕೇಳುವುದು, ಮನೆಯವರೇ ತನಗೆ ವಿಷ ಹಾಕುತ್ತಿದ್ದಾರೆಂದು ಶಂಕಿಸುವುದು, ವಾಸ್ತವದ ಹಿಡಿತ ತಪ್ಪುವುದು ಈ ಕಾಯಿಲೆಯ ಲಕ್ಷಣಗಳು. ನಮ್ಮ ಊರುಗಳಲ್ಲಿ ಇಂತಹ ಹುಡುಗನನ್ನು ಮೊದಲು ಕರೆದೊಯ್ಯುವುದು ತಾಯಿತ ಕಟ್ಟುವವರ ಬಳಿಗೆ. ಯಾರೋ 'ಮಾಟ' ಮಾಡಿಸಿದ್ದಾರೆಂದು ನೆರೆಮನೆಯವರೊಂದಿಗೆ ಮುನಿಸು ಕಟ್ಟಿಕೊಳ್ಳುವವರೂ ಇದ್ದಾರೆ. ಆ ವೇಳೆಗೆ ಚಿಕಿತ್ಸೆಯ ಅಮೂಲ್ಯ ತಿಂಗಳುಗಳು ಕಳೆದುಹೋಗಿರುತ್ತವೆ.

ಇನ್ನು ಕಾನೂನಿನತ್ತ ನೋಡೋಣ. 1985ರಲ್ಲಿ ಜಾರಿಗೆ ಬಂದ ಎನ್‌ಡಿಪಿಎಸ್ ಕಾಯಿದೆ ಗಾಂಜಾವನ್ನು ಗಿಡದ ಭಾಗದಿಂದ ಗುರುತಿಸುತ್ತದೆ. ಹೂಬಿಟ್ಟ ಅಥವಾ ಕಾಯಿಬಿಟ್ಟ ತುದಿಗಳೇ ಗಾಂಜಾ. ತುದಿಯ ಜೊತೆಗಿರದ ಎಲೆ ಮತ್ತು ಬೀಜ ಗಾಂಜಾ ಅಲ್ಲ. ಶಿಕ್ಷೆ ನಿರ್ಧಾರವಾಗುವುದು ತೂಕದಿಂದ. 2001ರ ಅಧಿಸೂಚನೆಯಂತೆ ಒಂದು ಕಿಲೋಗಿಂತ ಕಡಿಮೆಯಾದುದು 'ಅಲ್ಪ ಪ್ರಮಾಣ', ಅದಕ್ಕೆ ಗರಿಷ್ಠ ಒಂದು ವರ್ಷದ ಕಠಿಣ ಸಜೆ ಅಥವಾ ಹತ್ತು ಸಾವಿರ ರೂಪಾಯಿವರೆಗಿನ ದಂಡ ಅಥವಾ ಎರಡೂ. 20 ಕಿಲೋಗಿಂತ ಅಧಿಕವಾದುದು 'ವಾಣಿಜ್ಯ ಪ್ರಮಾಣ'. ಅದಕ್ಕೆ ಕನಿಷ್ಠ ಹತ್ತು ವರ್ಷ, ಜಾಮೀನೂ ಅತ್ಯಂತ ದುರ್ಲಭ. ಈ ಲೆಕ್ಕಾಚಾರದಲ್ಲಿ ಟಿಎಚ್‌ಸಿ ಎಷ್ಟು ಎಂಬ ಪ್ರಶ್ನೆಗೆ ಸ್ಥಾನವೇ ಇಲ್ಲ. ಶೇ. 5ರ ಸೊಪ್ಪು 900 ಗ್ರಾಂ ಇದ್ದರೆ ಅದರಲ್ಲಿ ಅಮಲಿನ ಅಂಶ 45 ಗ್ರಾಂ. ಶೇ. 20ರ ಹೂಗೊನೆ ಅಷ್ಟೇ ಇದ್ದರೆ 180 ಗ್ರಾಂ. ಕಾನೂನಿನ ತಕ್ಕಡಿಯಲ್ಲಿ ಎರಡೂ ಸಮಾನ, ಎರಡೂ 'ಅಲ್ಪ'.

ವಿಪರ್ಯಾಸ ಇಷ್ಟಕ್ಕೇ ಮುಗಿಯುವುದಿಲ್ಲ. ಗಿಡ ಬೆಳೆಸುವ ಅಪರಾಧಕ್ಕೆ 'ಅಲ್ಪ ಪ್ರಮಾಣ'ದ ರಿಯಾಯಿತಿಯಿಲ್ಲ. ಒಂದೇ ಗಿಡವಾದರೂ ಹತ್ತು ವರ್ಷದವರೆಗೆ ಸಜೆ ವಿಧಿಸಬಹುದು. ಹೀಗಾಗಿ ಕುತೂಹಲಕ್ಕೋ ಗೆಳೆಯರ ಮಾತಿಗೋ ಮರುಳಾಗಿ ತಾರಸಿಯ ಕುಂಡದಲ್ಲಿ ಒಂದು ಬೀಜ ಊರಿದ ಯುವಕನು, ಅತಿ ತೀವ್ರವಾದ 900 ಗ್ರಾಂ ಹೂಗೊನೆಯನ್ನು ಚೀಲದಲ್ಲಿಟ್ಟು ತಿರುಗುವವನಿಗಿಂತ ಕಠೋರವಾದ ಕಲಮಿನಡಿ ನಿಲ್ಲಬೇಕಾಗುತ್ತದೆ. ಮತ್ತೊಂದೆಡೆ ಬೇರು, ಕಾಂಡ, ಎಲೆಗಳ ಸಮೇತ ಹಸಿ ಗಿಡಗಳನ್ನು ತಕ್ಕಡಿಗೆ ಹಾಕಿ ಕಿಲೋಗಟ್ಟಲೆ ತೂಕ ಬರೆದುಕೊಳ್ಳುವ ಪರಿಪಾಠವಿದೆ. ಹಸಿ ಹೂಗೊನೆ ಒಣಗಿದಾಗ ತೂಕದ ಸುಮಾರು ಮುಕ್ಕಾಲು ಪಾಲು ಇಳಿದುಹೋಗುತ್ತದೆ ಎಂಬುದನ್ನು ನೆನೆದರೆ, ಈ ತೂಕಕ್ಕೂ ನಿಜವಾದ ಗಾಂಜಾದ ತೂಕಕ್ಕೂ ಎಷ್ಟು ಅಂತರವಿದ್ದೀತು! ಎಲೆ-ಕಾಂಡಗಳನ್ನು ಬೇರ್ಪಡಿಸದೆ ತೂಗಿದ್ದನ್ನು ಗಮನಿಸಿ ಹಲವು ಹೈಕೋರ್ಟುಗಳು ಆರೋಪಿಗಳಿಗೆ ಜಾಮೀನು ನೀಡಿರುವುದು ಈ ಹಿನ್ನೆಲೆಯಲ್ಲಿಯೇ. ಆದರೆ ಹೈಕೋರ್ಟಿನವರೆಗೆ ಹೋಗಲು ಎಷ್ಟು ಬಡವರಿಗೆ ಸಾಧ್ಯ?

ಅಮಲಿನ ಶುದ್ಧಾಂಶವನ್ನು ಪರಿಗಣಿಸಬೇಕೇ ಎಂಬ ಪ್ರಶ್ನೆ ನಮ್ಮ ನ್ಯಾಯಾಲಯಗಳಿಗೆ ಹೊಸದೇನಲ್ಲ. 2008ರಲ್ಲಿ ಮೈಕಲ್ ರಾಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹೆರಾಯಿನ್ ಮಿಶ್ರಣದಲ್ಲಿ ಶುದ್ಧ ಮಾದಕ ಎಷ್ಟಿದೆಯೋ ಅಷ್ಟನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದಿತ್ತು. 2020ರಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ವಿಸ್ತೃತ ಪೀಠವು ಅದನ್ನು ತಳ್ಳಿಹಾಕಿ, ಬೆರಕೆಯ ಸಮೇತ ಇಡೀ ತೂಕವೇ ಮುಖ್ಯವೆಂದು ತೀರ್ಪಿತ್ತಿತು. ಬೆರಕೆ ಮಾಡಿಯೇ ಮಾರಲಾಗುವ ಮಾದಕಗಳ ಮಟ್ಟಿಗೆ ಈ ತೀರ್ಪಿನಲ್ಲಿ ಅರ್ಥವಿದೆ. ಗಾಂಜಾದಲ್ಲಿ ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧ. ಇಲ್ಲಿ ಯಾರೂ ಏನನ್ನೂ ಬೆರೆಸುತ್ತಿಲ್ಲ. ತೂಕ ಅಷ್ಟೇ ಇದ್ದು ಒಳಗಿನ ವಿಷ ಮಾತ್ರ ಹೆಚ್ಚುತ್ತಿದೆ. ಆದ್ದರಿಂದ ಕೋಣೆಯೊಳಗೆ ಬೆಳೆದ ಗಾಂಜಾದ ಪ್ರಕರಣಗಳಲ್ಲಾದರೂ ವಿಧಿವಿಜ್ಞಾನ ಪ್ರಯೋಗಾಲಯದ ವರದಿಯು ಅದು ಗಾಂಜಾ ಹೌದೇ ಅಲ್ಲವೇ ಎಂಬಷ್ಟಕ್ಕೆ ನಿಲ್ಲದೆ ಟಿಎಚ್‌ಸಿಯ ಶೇಕಡಾವಾರು ಪ್ರಮಾಣವನ್ನೂ ನಮೂದಿಸಬೇಕು. ಹೂವನ್ನು ಬೇರ್ಪಡಿಸಿ ಒಣಗಿಸಿದ ತೂಕವನ್ನೇ ದಾಖಲಿಸಬೇಕು. ತನಗಾಗಿ ಬೆಳೆದವನನ್ನೂ ದಂಧೆಗಾಗಿ ಬೆಳೆದವನನ್ನೂ ಪ್ರತ್ಯೇಕಿಸಿ ನೋಡುವ ತಿದ್ದುಪಡಿಯನ್ನು ಸಂಸತ್ತು ಚರ್ಚಿಸಬೇಕು. ಇದು ಅಪರಾಧಿಗಳಿಗೆ ದಯೆ ತೋರಿಸುವ ಬೇಡಿಕೆಯಲ್ಲ. ದೊಡ್ಡ ಕೈಗಳು ಸಣ್ಣ ತೂಕದ ಮರೆಯಲ್ಲಿ ಪಾರಾಗದಿರಲಿ, ಸಣ್ಣವರು ಹಸಿ ಕಾಂಡದ ಭಾರಕ್ಕೆ ಕುಸಿಯದಿರಲಿ ಎಂಬುದಷ್ಟೇ ನಮ್ಮ ಆಗ್ರಹ.

ಸ್ವಾರಸ್ಯದ ಸಂಗತಿಯೆಂದರೆ, ಈ ಚರ್ಚೆಯನ್ನು ನಮ್ಮ ಫುಕಹಾಗಳು ಶತಮಾನಗಳ ಹಿಂದೆಯೇ ನಡೆಸಿದ್ದರು. ಹಶೀಶ್‌ನ ಬಗ್ಗೆ ಪವಿತ್ರ ಗ್ರಂಥದಲ್ಲಿ ಹೆಸರಿಸಿ ಹೇಳಿಲ್ಲವಲ್ಲ, ಅದು ದ್ರವವೂ ಅಲ್ಲವಲ್ಲ ಎಂದು ವಾದಿಸುತ್ತಿದ್ದವರು ಅಂದೂ ಇದ್ದರು. ಇಬ್ನು ತೈಮಿಯ್ಯಾ ಈ ವಾದವನ್ನು ಕಟುವಾಗಿ ಖಂಡಿಸಿದರು. 14ನೇ ಶತಮಾನದ ಶಾಫಿಈ ವಿದ್ವಾಂಸ ಬದ್ರುದ್ದೀನ್ ಝರ್ಕಶೀಯವರು ಹಶೀಶ್‌ನ ನಿಷೇಧದ ಕುರಿತಾಗಿಯೇ ಪ್ರತ್ಯೇಕ ಕೃತಿ ರಚಿಸಿದರು. ಅವರೆಲ್ಲ ಹುಡುಕಿದ್ದು 'ಇಲ್ಲತ್', ಅಂದರೆ ವಿಧಿಯ ಹಿಂದಿನ ಕಾರಣ. ಬುದ್ಧಿಯನ್ನು ಮಂಕುಗೊಳಿಸುವುದೇ ಆ ಕಾರಣವೆಂದಾದರೆ ವಸ್ತುವಿನ ಹೆಸರು, ರೂಪ, ತೂಕಗಳು ಗೌಣ. ಔಷಧವಾಗಿ ಅನಿವಾರ್ಯವಾದಲ್ಲಿ ಬೇರೆ ಮಾತು ಎಂದೂ ಅವರು ವಿವೇಚಿಸಿದ್ದರು. ಪರಿಣಾಮವನ್ನು ನೋಡಿ ತೀರ್ಮಾನಿಸುವ ಈ ದೃಷ್ಟಿ ಇಂದಿನ ಪ್ರಯೋಗಾಲಯದ ದೃಷ್ಟಿಗೆ ಎಷ್ಟು ಸಮೀಪವಾಗಿದೆ! ಸಿಗರೇಟು, ಹುಕ್ಕಾ, ಕೇಕು, ಎಣ್ಣೆ ಎಂದು ವೇಷ ಬದಲಿಸಿ ಬಂದರೂ ವಿಧಿ ಬದಲಾಗದು ಎಂಬುದನ್ನು ನಮ್ಮ ಯುವಕರಿಗೆ ತಿಳಿಸಲು ಇದಕ್ಕಿಂತ ಸ್ಪಷ್ಟವಾದ ಮಾತು ಬೇಕಿಲ್ಲ.

ಇದಕ್ಕೆ ವಿರುದ್ಧವಾದ ವಾದವನ್ನೂ ನಾವು ನ್ಯಾಯವಾಗಿ ಪರಿಶೀಲಿಸಬೇಕು. ಬ್ರಿಟಿಷರು ನೇಮಿಸಿದ 1893-94ರ ಇಂಡಿಯನ್ ಹೆಂಪ್ ಡ್ರಗ್ಸ್ ಆಯೋಗವು ಮಿತವಾದ ಸೇವನೆಯಿಂದ ವಿಶೇಷ ಹಾನಿಯಿಲ್ಲವೆಂದು ವರದಿ ನೀಡಿತ್ತು. 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಆಯೋಗವು ಗಾಂಜಾವನ್ನು ಅತ್ಯಂತ ಅಪಾಯಕಾರಿ ವಸ್ತುಗಳ ಪಟ್ಟಿಯಿಂದ ತೆಗೆದಾಗ ಭಾರತವೂ ಅದರ ಪರವಾಗಿ ಮತ ಹಾಕಿತ್ತು. ಕಾಲೇಜು ಹುಡುಗರು ಮನೆಯವರೊಂದಿಗೆ ವಾದಿಸುವಾಗ ಇವನ್ನೆಲ್ಲ ಉಲ್ಲೇಖಿಸುತ್ತಾರೆ. ಅವರಿಗೆ ಉತ್ತರಿಸಲು ತಂದೆಯ ಬಳಿ ಕೋಪದ ಹೊರತು ಬೇರೇನೂ ಇರುವುದಿಲ್ಲ. ಉತ್ತರ ಸರಳವಾಗಿದೆ. 1894ರ ಆಯೋಗವು ಕಂಡ ಗಾಂಜಾ ಹೊಲದಲ್ಲಿ ಬೆಳೆದದ್ದು. ಟಿಎಚ್‌ಸಿಯನ್ನು ಪ್ರತ್ಯೇಕಿಸಿ ಗುರುತಿಸಿದ್ದೇ 1964ರಲ್ಲಿ. ವಿಶ್ವಸಂಸ್ಥೆಯ ನಿರ್ಧಾರವು ಔಷಧೋಪಯೋಗದ ಸಂಶೋಧನೆಗೆ ದಾರಿ ತೆರೆಯಿತೇ ಹೊರತು ನಿಯಂತ್ರಣವನ್ನು ಕಿತ್ತೊಗೆಯಲಿಲ್ಲ. ಮಾರಾಟಕ್ಕೆ ಅನುಮತಿಯಿರುವ ಕೆನಡಾದಂತಹ ದೇಶಗಳಲ್ಲಿ ಪೊಟ್ಟಣದ ಮೇಲೆ ಟಿಎಚ್‌ಸಿ ಪ್ರಮಾಣ ಮುದ್ರಿತವಾಗಿರುತ್ತದೆ. ಹೆದ್ದಾರಿ ಬದಿಯಲ್ಲಿ ಕೈಗಿಡುವ ಪೊಟ್ಟಣದ ಮೇಲೆ ಏನು ಬರೆದಿರುತ್ತದೆ?

ಇನ್ನು, ನಮ್ಮ ಸಮುದಾಯವು ಮುಜುಗರದಿಂದ ಬದಿಗೆ ಸರಿಸುವ ವಿಷಯಕ್ಕೆ ಬರೋಣ. ಮಾದಕ ಪ್ರಕರಣದ ಆರೋಪಿಗಳ ಪಟ್ಟಿಯಲ್ಲಿ ಒಂದು ಮುಸ್ಲಿಮ್ ಹೆಸರು ಕಂಡರೆ ಸಾಕು, ಕೆಲವು ಮಾಧ್ಯಮಗಳಿಗೆ ಅದೇ ತಲೆಬರಹ. 2021ರ ಸೆಪ್ಟೆಂಬರ್‌ನಲ್ಲಿ ಕೇರಳದ ಪಾಲಾದ ಬಿಷಪರು 'ನಾರ್ಕೋಟಿಕ್ ಜಿಹಾದ್' ಎಂಬ ಪದವನ್ನೇ ಚಲಾವಣೆಗೆ ತಂದರು. ಅದಕ್ಕೆ ಉತ್ತರವಾಗಿ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅಂಕಿ-ಅಂಶಗಳನ್ನು ಮುಂದಿಟ್ಟರು. 2020ರ 4,941 ಪ್ರಕರಣಗಳ 5,422 ಆರೋಪಿಗಳಲ್ಲಿ ಹಿಂದೂಗಳು ಶೇ. 49.8, ಮುಸ್ಲಿಮರು ಶೇ. 34.47, ಕ್ರೈಸ್ತರು ಶೇ. 15.73. ಮಾದಕ ದಂಧೆಗೆ ಧರ್ಮವಿಲ್ಲ ಎಂಬುದು ಇದರಿಂದ ಸಾಬೀತಾಯಿತು, ನಾವೂ ನಿಟ್ಟುಸಿರು ಬಿಟ್ಟೆವು. ಆದರೆ ಕೇರಳದ ಜನಸಂಖ್ಯೆಯಲ್ಲಿ ಮುಸ್ಲಿಮರ ಪಾಲು 2011ರ ಗಣತಿಯಂತೆ ಶೇ. 26.5ರ ಆಸುಪಾಸು ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಪಕ್ಕದಲ್ಲಿಟ್ಟು ನೋಡಿದೆವು? ಆರೋಪಿಗಳೆಲ್ಲ ಅಪರಾಧಿಗಳಲ್ಲ, ಪೊಲೀಸರ ದೃಷ್ಟಿಯೂ ಎಲ್ಲ ಬೀದಿಗಳ ಮೇಲೆ ಸಮನಾಗಿ ಬೀಳುವುದಿಲ್ಲ ಎಂಬುದೆಲ್ಲ ನಿಜ. ಆದರೂ ಈ ಅಂತರವು ಅಮಲನ್ನು ಮೂಲದಿಂದಲೇ ನಿಷೇಧಿಸಿದ ಸಮುದಾಯವೊಂದರ ನಿದ್ದೆ ಕೆಡಿಸಬೇಕಾದುದಲ್ಲವೇ? ಸುಳ್ಳು ಆರೋಪವನ್ನು ಖಂಡಿಸುವುದು ಎಷ್ಟು ಅಗತ್ಯವೋ, ಸತ್ಯವನ್ನು ಎದುರಿಸುವುದೂ ಅಷ್ಟೇ ಅಗತ್ಯ. ಮೊದಲನೆಯದನ್ನು ನಾವು ಹೇಳಿಕೆಗಳ ಮೂಲಕ ಮಾಡುತ್ತೇವೆ. ಎರಡನೆಯದನ್ನು ಮಾಡಲು ಮನೆಯೊಳಗೇ ಕೆಲಸವಿದೆ.

ಆ ಕೆಲಸ ಬಾಡಿಗೆ ಮನೆಯಿಂದಲೇ ಆರಂಭವಾಗಲಿ. ಶಿರೂರು, ಗಂಗೊಳ್ಳಿಯಿಂದ ಬ್ರಹ್ಮಾವರದವರೆಗೂ ಗಲ್ಫ್‌ನಲ್ಲಿರುವವರ ಮನೆಗಳು ವರ್ಷದ ಬಹುಕಾಲ ಬೀಗ ಹಾಕಿಕೊಂಡಿರುತ್ತವೆ. ಮಹಡಿಯ ಕೋಣೆಗಳನ್ನು ಅಪರಿಚಿತರಿಗೆ ಬಾಡಿಗೆಗೆ ಕೊಟ್ಟು, ತಿಂಗಳ ಹಣ ಖಾತೆಗೆ ಬಂದರೆ ಸಾಕೆಂದು ಸುಮ್ಮನಿರುವುದು ರೂಢಿಯಾಗಿದೆ. ತನ್ನ ಮನೆ ಅಥವಾ ಕೋಣೆಯನ್ನು ಇಂತಹ ಅಪರಾಧಕ್ಕೆ ಬಳಸಲು ಗೊತ್ತಿದ್ದೂ ಬಿಟ್ಟವನಿಗೆ ಎನ್‌ಡಿಪಿಎಸ್ ಕಾಯಿದೆಯ 25ನೇ ಕಲಮು ಅಪರಾಧಿಗಿರುವ ಶಿಕ್ಷೆಯನ್ನೇ ವಿಧಿಸುತ್ತದೆ. ಬಾಡಿಗೆ ಕರಾರು, ಗುರುತಿನ ಚೀಟಿಯ ಪ್ರತಿ, ಆಗಾಗ ಮನೆಗೆ ಭೇಟಿ ಇವು ಮಾಲೀಕರ ಕನಿಷ್ಠ ಹೊಣೆ. ಹಗಲಿರುಳೂ ಮುಚ್ಚಿದ ಕಿಟಕಿ, ಅಸಹಜವಾಗಿ ಏರಿದ ಕರೆಂಟ್ ಬಿಲ್ಲು, ಅಡಗಿಸಲಾಗದ ವಾಸನೆ ಇದ್ದಲ್ಲಿ ವಿಚಾರಿಸುವುದರಲ್ಲಿ ತಪ್ಪಿಲ್ಲ. ಆದರೆ ಊಹೆಯಿಂದಲೇ ಯಾರ ಮೇಲೂ ಆರೋಪ ಹೊರಿಸುವುದಾಗಲಿ, ಬೀದಿಯಲ್ಲಿ ನ್ಯಾಯ ತೀರ್ಮಾನಿಸುವುದಾಗಲಿ ನಮಗೆ ಸಲ್ಲದು. ಅದು ಪೊಲೀಸರ ಕೆಲಸ.

ಎರಡನೆಯದು, ದಾರಿ ತಪ್ಪಿದ ಮಗನ ವಿಷಯ. 2019ರಲ್ಲಿ ಪ್ರಕಟವಾದ ಕೇಂದ್ರ ಸರಕಾರದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಭಂಗಿ, ಗಾಂಜಾ, ಚರಸ್ ಸೇವಿಸಿದವರು ಸುಮಾರು 3.1 ಕೋಟಿ. ಅವರಲ್ಲಿ ಸುಮಾರು 72 ಲಕ್ಷ ಮಂದಿಗೆ ನೆರವಿನ ಅಗತ್ಯವಿದೆ. ಈ 72 ಲಕ್ಷದಲ್ಲಿ ನಮ್ಮ ಮೊಹಲ್ಲಾದ ಹುಡುಗನೂ ಇರಬಹುದು. ಗೊತ್ತಾದ ದಿನವೇ ಹೊಡೆದು ಹೊರಗಟ್ಟುವುದು, ಊರಿಗೆ ತಿಳಿಯುವ ಮುನ್ನ ವೀಸಾ ಮಾಡಿಸಿ ಗಲ್ಫ್‌ಗೆ ಸಾಗಹಾಕುವುದು, ಮದುವೆ ಮಾಡಿದರೆ ಸರಿಹೋದಾನು ಎಂದು ಬಡವರ ಹೆಣ್ಣುಮಗಳನ್ನು ತಂದು ಕಟ್ಟುವುದು, ಇವೇ ನಮ್ಮಲ್ಲಿ ಬಳಕೆಯಲ್ಲಿರುವ ಮೂರು 'ಚಿಕಿತ್ಸೆ'ಗಳು. ಗಲ್ಫ್ ದೇಶಗಳ ಮಾದಕ ಕಾನೂನು ನಮ್ಮದಕ್ಕಿಂತ ಎಷ್ಟು ಕಠಿಣವೆಂಬುದನ್ನು ಬಲ್ಲವರು ಎರಡನೆಯದಕ್ಕೆ ಕೈಹಾಕಲಾರರು. ಮೂರನೆಯದಂತೂ ಅಪರಿಚಿತ ಹೆಣ್ಣೊಬ್ಬಳಿಗೆ ಎಸಗುವ ನೇರ ಅನ್ಯಾಯ.

ಕಾಯಿದೆಯಲ್ಲೇ ಒಂದು ಕರುಣೆಯ ಬಾಗಿಲಿದೆ, ಅದರ ಅರಿವು ನಮ್ಮ ಜನರಿಗಿಲ್ಲ. 64-ಎ ಕಲಮಿನಂತೆ ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ಸ್ವಇಚ್ಛೆಯಿಂದ ಸರಕಾರದ ಮಾನ್ಯತೆಯಿರುವ ಕೇಂದ್ರದಲ್ಲಿ ಚಿಕಿತ್ಸೆಗೆ ಒಳಗಾದರೆ ವಿಚಾರಣೆಯಿಂದ ವಿನಾಯಿತಿ ಪಡೆಯಬಹುದು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಕಳೆದುಹೋಗುತ್ತದೆ. ಉಡುಪಿ ದೊಡ್ಡಣಗುಡ್ಡೆಯ ಡಾ. ಎ. ವಿ. ಬಾಳಿಗಾ ಆಸ್ಪತ್ರೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯ ಮನೋರೋಗ ವಿಭಾಗ ನಮ್ಮಿಂದ ದೂರವೇನಲ್ಲ. ವ್ಯಸನಮುಕ್ತಿಗಾಗಿ 14446, ಮಾನಸಿಕ ಆರೋಗ್ಯಕ್ಕಾಗಿ 14416, ಮಾದಕ ಜಾಲದ ಮಾಹಿತಿ ನೀಡಲು 1933 ಎಂಬ ಉಚಿತ ಸಹಾಯವಾಣಿಗಳಿವೆ. ಈ ಮೂರು ಸಂಖ್ಯೆಗಳನ್ನು ಮಸೀದಿಯ ಫಲಕದಲ್ಲಿ ನಮಾಝಿನ ವೇಳಾಪಟ್ಟಿಯ ಪಕ್ಕದಲ್ಲಿ ಬರೆದು ಹಾಕಲು ಯಾವ ಜಮಾಅತಿಗೂ ಖರ್ಚಿಲ್ಲ.

ಖತೀಬರಲ್ಲಿಯೂ ನಮ್ಮದೊಂದು ವಿನಂತಿಯಿದೆ. ನರಕದ ಭೀತಿಯನ್ನಷ್ಟೇ ಹೇಳಿ ಮಿಂಬರಿನಿಂದ ಇಳಿಯದಿರಿ. ಎದುರು ಕುಳಿತಿರುವ ಪಿಯುಸಿ ಓದುವ ಹುಡುಗ ಶೇಕಡಾವಾರು ಲೆಕ್ಕ ಬಲ್ಲವನು. ಗೆಳೆಯ ಕೊಟ್ಟ ಪೊಟ್ಟಣದಲ್ಲಿ ಶೇ. 4 ಇದೆಯೋ ಶೇ. 25 ಇದೆಯೋ ಎಂಬುದು ಅವನಿಗೂ ತಿಳಿಯದು, ಅವನ ಗೆಳೆಯನಿಗೂ ತಿಳಿಯದು ಎಂಬ ಮಾತನ್ನು ಅವನಿಗೆ ಮುಟ್ಟಿಸಿ. ಜಮಾಅತಿನ ಸದರಿಗಳು ಬಹಿಷ್ಕಾರದ ಠರಾವು ಬರೆಯುವ ಬದಲು ಒಬ್ಬ ಮನೋವೈದ್ಯರನ್ನೂ ಒಬ್ಬ ವಕೀಲರನ್ನೂ ಕರೆಸಿ ತಾಯಂದಿರ ಸಭೆ ನಡೆಸಲಿ. ಮಗನ ಕೆಂಪು ಕಣ್ಣನ್ನೂ ನಿದ್ದೆಗೆಟ್ಟ ರಾತ್ರಿಗಳನ್ನೂ ಮೊದಲು ಕಾಣುವವಳು ತಾಯಿ. ಮನೆಯ ಮಾನಕ್ಕೆ ಅಂಜಿ ಕೊನೆಯವರೆಗೂ ಬಾಯಿ ಬಿಡದವಳೂ ಅವಳೇ. ಆಕೆಗೆ ಮಾತಾಡಲು ಒಂದು ಜಾಗ ಒದಗಿಸಿಕೊಟ್ಟರೆ ನಮ್ಮ ಮೊಹಲ್ಲಾಗಳ ಅರ್ಧ ಕೆಲಸ ಆದಂತೆ.